ಯಾರೂ ಒತ್ತದ ಕೀಲಿ

ಟಿಬಿಲಿಸಿಯಲ್ಲಿ, ರೈಲು ನಿಲ್ದಾಣದ ಚೌಕದ ಕೆಳಗೆ
ರಸ್ತೆ ದಾಟಲು ತೋಡಿದ ಸುರಂಗದಲ್ಲಿ ನನ್ನ ಅಂಗಡಿ.
ಎಡಕ್ಕೆ ಕಾಲುಚೀಲ ಮಾರುವವಳು,
ಬಲಕ್ಕೆ ಬೀಗದ ಕೈ ಮಾಡಿಕೊಡುವ ಬಾದ್ರಿ.
ಆಕೆ ಮೊದಲು ಅವನಲ್ಲಿಗೇ ಹೋಗಿ ಕೇಳಿದಳಂತೆ:
"ಕೀಲಿ ಕಿತ್ತು ಬಂದಿದೆ, ಹಾಕಿಕೊಡ್ತೀರಾ?"
ಬಾದ್ರಿ ತನ್ನ ತೋಳು ಕೊಟ್ಟು ಈಚೆಗೆ ದಾಟಿಸಿದ.

ಕರ್ಚೀಫಿನ ಗಂಟು ಬಿಚ್ಚಿದಳು. ಒಳಗೆ
ಉಗುರಿನಗಲದ ಒಂದು ಕಪ್ಪು ಚೌಕ,
ಮೇಲಿನ ಅಕ್ಷರ ಸವೆದು ನುಣ್ಣಗೆ.
ಅಕ್ಕಪಕ್ಕದವನ್ನು ನೋಡಿ ಕಂಡುಹಿಡಿದೆ: ಇನ್ಸರ್ಟ್.

ನಕ್ಕೆ. "ಇದನ್ನು ಯಾರೂ ಒತ್ತೋದೇ ಇಲ್ಲ ಅಮ್ಮಾ.
ಹದಿನಾಲ್ಕು ವರ್ಷದಿಂದ ಇದೇ ಕೆಲಸ,
ಇದೊಂದು ಸವೆದದ್ದು ಕಂಡಿಲ್ಲ. ಹಾಗೇ ಬಿಡಿ.
ಒಂದು ಹಲ್ಲು ಹೋದರೆ ಊಟ ನಿಲ್ಲುತ್ತದೆಯೇ?"

ಲಾಮಾರಾ ಎಂದು ಹೆಸರು.
ಬ್ರೆಡ್ಡಿನ ಭಟ್ಟಿಯೊಂದರ ಲೆಕ್ಕ ಬರೆಯುವವಳು.
ನಾನು ಹೇಳದೆಯೇ ಸ್ಟೂಲು ಎಳೆದು ಕೂತಳು.
ಕೀಲಿ ಬಿದ್ದ ಗುಳಿಯಲ್ಲಿ ಉಳಿದಿದ್ದ ರಬ್ಬರ್ ಮೊಗ್ಗನ್ನೇ
ಬೆರಳಲ್ಲಿ ಅದುಮಿ ಕೆಳಬಾಣ ಒತ್ತಿದಳು.
ಲ್ಯಾಪ್‌ಟಾಪು ಮಾತಿಗೆ ತೊಡಗಿತು,
ಅರಳು ಹುರಿದ ಹಾಗೆ, ಪಟಪಟ, ಪಟಪಟ.
"ಯಾವ ದೇಶದ ಭಾಷೆ ಇದು?" ಅಂದೆ.
"ನಿಮ್ಮದೇ. ಜಾರ್ಜಿಯನ್," ಅಂದಳು,
"ವೇಗ ಸ್ವಲ್ಪ ಹೆಚ್ಚಿಟ್ಟಿದ್ದೇನೆ."

ಆಮೇಲೆ ತೋರಿಸಿದಳು. ತೋರಿಸಿದಳು ಅನ್ನಲೇ?
ಕೇಳಿಸಿದಳು.
ಇನ್ಸರ್ಟ್ ಹಿಡಿದು ಟಿ: ಎಲ್ಲಿದ್ದೇನೆ ಎಂದು ಹೇಳುತ್ತದೆ.
ಇನ್ಸರ್ಟ್ ಹಿಡಿದು ಎಫ್ ಹನ್ನೆರಡು: ಎಷ್ಟು ಹೊತ್ತಾಯಿತೆಂದು.
ಬರೀ ಎಚ್ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ,
ಹಳ್ಳ ದಾಟುವವರು ಕಲ್ಲಿಂದ ಕಲ್ಲಿಗೆ ನೆಗೆದಂತೆ,
ನಡುವೆ ಹರಿಯುವುದೆಲ್ಲ ಜಾಹೀರಾತು.
ಕಂಟ್ರೋಲ್ ಒಂದನ್ನೇ ಒತ್ತಿದಳು. ದನಿ ಕಡಿಯಿತು.
"ಸುಮ್ಮನಿರು ಅಂದರೆ ಸುಮ್ಮನಾಗುವುದು
ನಮ್ಮ ಮನೆಯಲ್ಲಿ ಇದೊಂದೇ."

"ಶಾರ್ಟ್‌ಕಟ್ಟು ತಾನೇ, ನಮಗೂ ಕೆಲವು ಗೊತ್ತು,"
ಅಂದೆ, ಸೋಲೊಪ್ಪದೆ.
"ಒಳದಾರಿ ಅನ್ನಬೇಕಾದರೆ
ಎಲ್ಲೋ ಒಂದು ರಾಜಬೀದಿ ಇರಬೇಕಲ್ಲ ಮಗೂ,
ನನಗದನ್ನು ಯಾರೂ ತೋರಿಸಿಲ್ಲ."

ಸತ್ತ ಲ್ಯಾಪ್‌ಟಾಪುಗಳ ಡಬ್ಬ ಕೆದಕಿದೆ.
ಕೊಕ್ಕೆ ಹೊಂದುವ ಒಂದೇ ಒಂದು ಇನ್ಸರ್ಟ್ ಸಿಕ್ಕಿತು,
ಫಳಫಳ ಹೊಸದು. ಹಳೆಯ ಒಡೆಯ
ಒಮ್ಮೆಯೂ ಮುಟ್ಟಿರಲಿಕ್ಕಿಲ್ಲ.
"ಬಣ್ಣ ಮಾತ್ರ ಬಿಳಿ," ಎಂದವನೇ ನಾಲಗೆ ಕಚ್ಚಿಕೊಂಡೆ.
ಆಕೆ ಬೆರಳಾಡಿಸಿದಳು: "ಅಂಚು ಚೂಪಾಗಿದೆ."
ಅರದಲ್ಲಿ ಎರಡು ಸಲ ತೀಡಿಕೊಟ್ಟೆ.
ಹತ್ತು ಲರಿ ಎಣಿಸಿಟ್ಟಳು. ಐದು ಸಾಕು ಅಂದೆ.
"ಹತ್ತು ಅಂದಿದ್ದಿರಿ," ಎಂದಳು, ಚೂರು ಗಡುಸಾಗಿಯೇ.

ಆ ರಾತ್ರಿ ಷಟರ್ ಎಳೆದು, ಅದೇ ದನಿಯನ್ನು ಇಳಿಸಿಕೊಂಡು,
ಮೌಸನ್ನು ಡ್ರಾಯರಿಗೆ ಹಾಕಿ ಕಣ್ಣು ಮುಚ್ಚಿ ಕೂತೆ.
ನನ್ನದೇ ಯಂತ್ರ, ನನ್ನದೇ ಫೈಲು.
ಆಲ್ಟ್ ಟ್ಯಾಬ್. ಆಲ್ಟ್ ಟ್ಯಾಬ್. "ಖಾಲಿ," ಅಂದಿತು.
ಇನ್ನೇನನ್ನೋ ಒತ್ತಿದೆ. "ಖಾಲಿ."
ಮೂರು ನಿಮಿಷಕ್ಕೇ ಕಣ್ಣು ಬಿಟ್ಟೆ, ಕಳ್ಳನ ಹಾಗೆ.
ಅರ್ಧ ಬರೆದ ಬಿಲ್ಲೊಂದು ಯಾರಿಗೋ ಹೋಗಿಬಿಟ್ಟಿತ್ತು.

ಚಳಿ ಇಳಿಯುವ ಹೊತ್ತಿಗೆ ಮತ್ತೆ ಬಂದಳು.
"ತೆರೆ ಒಡೆದಿದೆಯಂತೆ. ತಂಗಿಯ ಮಗ ನೋಡಿ ಹೇಳಿದ.
ಯಾವಾಗ ಒಡೆಯಿತೋ, ಮೂರು ವಾರವೋ, ತಿಂಗಳೋ,
ಲೆಕ್ಕವೇನೋ ಸರಿಯಾಗೇ ಹೋಗುತ್ತಿತ್ತು."
ಮುಚ್ಚಳ ಎತ್ತಿದೆ. ಮೂಲೆಯಿಂದ ಮೂಲೆಗೆ ಬಿರುಕು,
ಒಂದು ಕಡೆ ಶಾಯಿ ಚೆಲ್ಲಿದ ಹಾಗೆ ಕಪ್ಪು.
ಕೆಳಗೆ ನನ್ನ ಬಿಳಿ ಇನ್ಸರ್ಟ್,
ಅಕ್ಷರ ಆಗಲೇ ಮಾಸಲು.

"ಹೊಸದು ಹಾಕಲು ನೂರ ಎಂಬತ್ತು ಲರಿ ಆಗುತ್ತದೆ."
"ನೂರ ಎಂಬತ್ತಾ!" ನಗು ತಡೆಯದಾದಳು.
"ಅದನ್ನು ಯಾರು ನೋಡ್ತಾರೆ? ಹಾಗೇ ಬಿಡಿ.
ಬಂದದ್ದು ಬಂದೆ,
ಈ ಕೀಲಿ ಒಂಚೂರು ಅಲ್ಲಾಡುತ್ತಿದೆ,
ಬಿಗಿ ಮಾಡಿಕೊಡಿ."