ತಲೆ ತಗ್ಗಿಸಿದವನು

ಐವತ್ತು ಮೀಟರ್ ಓಡಿದ್ದೇ ನನ್ನ ಇಡೀ ಚರಿತ್ರೆ.
ಐದು ಸೆಕೆಂಡಿಗೆ ಒಂದಿಷ್ಟು ಕಮ್ಮಿ.
ಆಮೇಲೆ ಹಾರಿ ಕೂತು, ಮುಂದಿನವನ ಬೆನ್ನಿಗೆ ಹಣೆಯೊತ್ತಿ
ತಲೆ ತಗ್ಗಿಸಿದರೆ
ಎತ್ತುತ್ತಿದ್ದುದು ಕೆಳಗೆ ಗಡಿಯಾರ ನಿಂತ ಮೇಲೆ.

ಇಕ್ಕಳ ಬಡಿಯುವವರ ಊರು ನಮ್ಮದು,
ಟ್ಯುರಿಂಗಿಯಾದ ಕಾಡಿನಂಚು.
"ಆಮ್ಟೋರ್ ಮನೆಯವರು ತಲೆ ಎತ್ತಿ ನಡೆದವರು ಕಣೋ"
ಅನ್ನುತ್ತಿದ್ದಳು ಅಮ್ಮ, ಕಾಲರ್ ಸರಿಮಾಡುತ್ತ.
ನಾನಾಗ ಗುಂಡು ಎಸೆಯುತ್ತಿದ್ದೆ.
ಹತ್ತೊಂಬತ್ತರಲ್ಲಿ, ಓಬರ್ಹೋಫ್‌ನಿಂದ ಟೇಪು ಹಿಡಿದು ಒಬ್ಬ ಬಂದ,
ತೊಡೆ ಅಳೆದ, ಮೀನಖಂಡ ಹಿಸುಕಿದ,
ಹೋರಿ ಕೊಳ್ಳುವವನ ಹಾಗೆ
ಹಲ್ಲೊಂದು ಬಿಟ್ಟು ಎಲ್ಲ ನೋಡಿದ.

ಬೆಳಿಗ್ಗೆ ತಟ್ಟೆಯ ಪಕ್ಕ ನೀಲಿ ಗುಳಿಗೆ.
ಏನಿದು ಎಂದೆ, ವಿಟಮಿನ್ ಎಂದರು.
ಕೇಳಿದ್ದು ಒಂದೇ ಸಲ.
ನುಂಗಿದ್ದು ಎಂಟು ಚಳಿಗಾಲ.

ಹಾದಿ ನನಗೆ ಗೊತ್ತಿದ್ದುದು ಬೆನ್ನುಮೂಳೆಯಿಂದ.
ಮೊದಲೆರಡು ತಿರುವು ಬರೀ ತೊಟ್ಟಿಲು.
ನಾಲ್ಕರಲ್ಲಿ ಯಾರೋ ಹೆಗಲಿಗೆ
ಕಲ್ಲಿದ್ದಲ ಮೂಟೆ ಇಳಿಸಿದಂತೆ.
ಆರು, ಏಳು, ಎಂಟು ಎಣಿಸುವಷ್ಟರಲ್ಲಿ ಮುಗಿದಿರುತ್ತಿದ್ದವು.
ಒಂಬತ್ತರಲ್ಲಿ ಗದ್ದ ಮೊಣಕಾಲಿಗೆ ಬಡಿದು
ಬಾಯಿ ತುಂಬ ಕಬ್ಬಿಣದ ರುಚಿ,
ಅಪ್ಪನ ಕುಲುಮೆಯದೇ ರುಚಿ.
ಕೊನೆಗೆ ರೋಡಿಗರ್ ಕೂಗುತ್ತಿದ್ದ. ಆಗ ಎಳೆಯಬೇಕು ಬ್ರೇಕು.
ಅದೊಂದೇ ನನ್ನ ಮಾತು.

ಎರಡು ಚಿನ್ನ. ಪತ್ರಿಕೆಯಲ್ಲಿ ರೋಡಿಗರ್‌ನ ಮುಖ,
ನನ್ನದು ಹೆಲ್ಮೆಟ್ಟಿನ ನೆತ್ತಿ.
ಒಂದು ಬೆಳ್ಳಿ. ಅದರ ಲೆಕ್ಕ ಬೇರೆ:
ಹಾರುವ ಹೊತ್ತಿಗೆ ಎಡಗಾಲು ಅನುಮಾನಿಸಿತು,
ಸೆಕೆಂಡಿನ ನೂರರಲ್ಲೊಂದು ಪಾಲು.
ಯಾರೂ ಆಡಲಿಲ್ಲ. ಯಾರೂ ಮರೆಯಲೂ ಇಲ್ಲ.

ಪದಕದ ಪೆಟ್ಟಿಗೆಯ ಮೇಲಿದ್ದ ದೇಶ
ಒಂದು ಶರತ್ಕಾಲದಲ್ಲಿ ಇಲ್ಲವಾಯಿತು.
ಊರೆಲ್ಲ ಕಿಟಕಿಗೆ ಬಂದು ನೋಡಿತಂತೆ.
ಎರ್ಫುರ್ಟ್‌ನ ಆಸ್ಪತ್ರೆಯಲ್ಲಿ, ಬೆನ್ನು ಹೊಲಿಸಿಕೊಂಡು,
ನಾನು ಬೋರಲು ಮಲಗಿದ್ದೆ.

ಈಗ ಚಳಿಗಾಲದ ರಾತ್ರಿ ಇಲ್ಲೇ ಕೂಲಿ.
ಕಾಂಕ್ರೀಟಿನ ಕಾಲುವೆಗೆ ಪೈಪಿನಿಂದ ನೀರು ಚಿಮುಕಿಸುತ್ತೇನೆ,
ಕೂದಲೆಳೆಯಷ್ಟು ಒಂದು ಪದರ,
ಅದು ಹೆಪ್ಪುಗಟ್ಟಿದ ಮೇಲೆ ಇನ್ನೊಂದು.
ಐವತ್ತು ಸೆಕೆಂಡಿನ ಹಾದಿಗೆ ಆರು ಗಂಟೆ.
ಹತ್ತರ ಗೋಡೆಯ ಮೇಲೆ ಒಂದು ಫರ್ ಮರ ಬಾಗಿದೆ.
ಇಷ್ಟು ವರ್ಷ ಅದರ ಕೆಳಗೇ ಹಾದಿದ್ದೆನಂತೆ.

ಹೋದ ಸೆಪ್ಟೆಂಬರಿನಲ್ಲಿ ರೋಡಿಗರ್ ಬಂದ,
ಕೈಯಲ್ಲಿ ಕೋಲು, ಒಂದು ಕಣ್ಣಿಗೆ ಪೊರೆ.
ಮಂಜುಗಡ್ಡೆಯಿಲ್ಲದ ಕಾಲುವೆಯಲ್ಲಿ ಕೆಳಗಿನಿಂದ ಮೇಲಕ್ಕೆ,
ಬಿರುಕಿನ ಹುಲ್ಲು ತುಳಿಯುತ್ತ ನಡೆದೆವು.
ಒಂಬತ್ತರಲ್ಲಿ ಕೂತುಬಿಟ್ಟ.
"ಇಲ್ಲಿ ನಾನು ಕಣ್ಣು ಮುಚ್ಚುತ್ತಿದ್ದೆ, ಫೋಲ್ಕ್‌ಮಾರ್."
"ಯಾವಾಗ?"
"ಯಾವಾಗಲೂ."

ಎಂಟು ಚಳಿಗಾಲ ತಲೆ ತಗ್ಗಿಸಿದ್ದೆ ನಾನು
ಒಬ್ಬನಾದರೂ ನೋಡುತ್ತಿದ್ದಾನೆ ಎಂದು.
ಸಿಟ್ಟು ಬರಬೇಕಿತ್ತು. ಬಂದದ್ದು ನಗು,
ಹೊಲಿಗೆ ಹಾಕಿದ ಜಾಗ ನೋಯುವಷ್ಟು.
ಅವನೂ ನಕ್ಕ. ಥರ್ಮಾಸಿನ ಮುಚ್ಚಳದಲ್ಲಿ
ಒಬ್ಬರಾದ ಮೇಲೊಬ್ಬರು ಕಾಫಿ ಕುಡಿದೆವು.

ನಿನ್ನೆ ಮೈನಸ್ ಏಳು. ಹೊಸ ಹುಡುಗರು ನಾಳೆ ಇಳಿಯುತ್ತಾರೆ.
ಒಂಬತ್ತಕ್ಕೆ ಬಂದಾಗ ಪೈಪು ಕೆಳಗಿಳಿಸಲಿಲ್ಲ,
ಯಾರಿಗೂ ಹೇಳದೆ
ಎರಡು ಪದರ ಹೆಚ್ಚಿಗೆ ಹಾಯಿಸಿದೆ.