ಅರವತ್ತು ನಿಮಿಷದ ಕ್ಯಾಸೆಟ್ಟು

'ಏಳರಾಟ' ಮತ್ತೆ ಸೇರುತ್ತದಂತೆ.
ಹೈಸ್ಕೂಲ್ ಮೈದಾನದ ಗೋಡೆಗೆ ಪೋಸ್ಟರು ಹತ್ತಿದ ದಿನದಿಂದ
ನನ್ನ ಝೆರಾಕ್ಸ್ ಅಂಗಡಿ ಮುಂದೆ ಎರಡು ಪಕ್ಷ.
ಬರಲಿ ಅನ್ನುವವರ ಕರಪತ್ರ, ಬೇಡ ಅನ್ನುವವರ ಮನವಿ,
ಎರಡೂ ನಾನೇ ತೆಗೆದುಕೊಟ್ಟೆ, ಪುಟಕ್ಕೆ ಎರಡು ರೂಪಾಯಿ.

ಹೆಸರಿಗೇ ಆಗ ಜಗಳವಿತ್ತು.
ಏಳು ಪೆಟ್ಟಿನ ತಾಳ, ಎಣಿಸಿ ನೋಡ್ರಿ, ಅಂತ ಹುಡುಗರು.
ಎಂಜಿನಿಯರಿಂಗ್ ಸೀಟು ಸಿಕ್ಕ ಮೇಲೇ ಶನಿ ಹೆಗಲೇರಿದ್ದು, ಅಂತ ಅವರಪ್ಪಂದಿರು.
ನಾಲ್ಕು ಜನ, ಮೂವತ್ತೊಂದು ನಿಮಿಷದ ಒಂದು ಹಾಡು: 'ಮೂರನೇ ಪಾಳಿ'.
ಮಿಲ್ಲಿನ ಸೈರನ್ನು, ಆಮೇಲೆ ಎಂಟು ನಿಮಿಷ ಮಾತಿಲ್ಲ,
ಕುಂಟುತ್ತ ಓಡುವ ಮಗ್ಗ,
ಷಡಕ್ಷರಿಯ ಕೀಬೋರ್ಡಿನಿಂದ ಹತ್ತಿಯ ಧೂಳು ಏಳುತ್ತಿತ್ತು.
ನಿಜ, ನಾನು ಕೆಮ್ಮಿದ್ದೇನೆ.

ಕೊಟ್ರೇಶನಿಗೆ ಈಗ ಎರಡೂ ಮಂಡಿ ಸವೆದಿವೆ,
ಕುರ್ಚಿ ಸಾಲಿನದೇ ಟಿಕೆಟ್ಟು ಬೇಕಂತೆ.
"ಅವರೂ ಮುದುಕರು, ನಾವೂ ಮುದುಕರು, ಯಾರು ಯಾರಿಗೆ ನಾಚಬೇಕು?"
ಗಣಿತದ ಸರ್ವಮಂಗಳಾ ಮೇಡಮ್ ಕನ್ನಡಕ ತೆಗೆದರು:
"ದಸ್ತಗೀರ್ ಇಲ್ಲದ ಏಳರಾಟ ಆರಾಟ, ಅಷ್ಟೇ."
ಡ್ರಮ್ಮಿಗೆ ಹುಬ್ಬಳ್ಳಿಯ ಹುಡುಗನಂತೆ,
ಕಿವಿಯಲ್ಲಿ ಗಡಿಯಾರ ಸಿಕ್ಕಿಸಿಕೊಂಡು ಬಾರಿಸುತ್ತಾನಂತೆ.
"ದಸ್ತಗೀರ್ ಎಡವಿದಲ್ಲೇ ಇತ್ತಲ್ರೀ ಹಾಡು!"

ಅಜಂಪೀರನದು ಮೂರನೇ ಪಕ್ಷ, ಅವನೊಬ್ಬನೇ.
ಬರಲಿ, ಆದರೆ ಕೊನೆ ಬಾರಿಸಬಾರದು.
ಊರಲ್ಲಿ ಯಾರ ಹತ್ತಿರವೂ ಆ ಹಾಡಿನ ಕೊನೆ ಇಲ್ಲ.
ಮೂವತ್ತನೇ ನಿಮಿಷಕ್ಕೆ, ಸ್ವರ ಏರುತ್ತಿರುವಾಗಲೇ,
ಟಕ್.
"ಮಿಲ್ಲು ನಿಂತಿದ್ದೂ ಹಂಗೇ, ಅರ್ಧ ಪಾಳಿಗೆ.
ಅಪ್ಪ ಬುತ್ತಿ ಬಿಚ್ಚದೆ ವಾಪಸು ಬಂದ.
ಅದನ್ನ ಅವರು ಬೇಕಂತಲೇ ಕತ್ತರಿಸಿದ್ದು ಕಣಕ್ಕ,
ಅಂಥ ಕೊನೆ ಯಾರು ಮಾಡ್ತಾರೆ ಹೇಳು."

ನಾನು ಹೇಳಲಿಲ್ಲ.
ಅಶೋಕ ರಸ್ತೆಯ ನಮ್ಮಣ್ಣನ ಅಂಗಡಿಯಲ್ಲಿ
ಆ ಕ್ಯಾಸೆಟ್ಟು ತುಂಬಿಸಿದವಳು ನಾನು, ಹದಿನೇಳು ವರ್ಷ,
ನೀಲಿ ಶಾಯಿಯಲ್ಲಿ ಹೆಸರು ಬರೆದವಳೂ ನಾನು.
ಮೂಲ ಇದ್ದದ್ದು ತೊಂಬತ್ತರ ಟೇಪಿನಲ್ಲಿ.
ಅರವತ್ತರದ್ದು ಆರು ರೂಪಾಯಿ ಅಗ್ಗ.
ಇನ್ನೂರ ನಲವತ್ತು ಕಾಪಿ, ಲೆಕ್ಕ ಹಾಕಿಕೊಳ್ಳಿ,
ಅತ್ತಿಗೆಗೆ ಒಂದು ಜೊತೆ ಬೆಂಡೋಲೆ ಬಂತು.

ಆ ಒಂದು ನಿಮಿಷ ಕೇಳಿದವಳೂ ನಾನೊಬ್ಬಳೇ.
ಏರಿದ ಸ್ವರ ಎಲ್ಲಿಗೂ ಹೋಗುವುದಿಲ್ಲ.
ಕೋಲು ಕೆಳಗೆ ಬೀಳುತ್ತದೆ, ಯಾರೋ ನಗುತ್ತಾರೆ,
ದಸ್ತಗೀರನ ದನಿ: "ಸಾಕ್ ಬಿಡ್ರೋ, ಹೊಟ್ಟಿ ಹಸ್ದೈತಿ."
ಆಮೇಲೆ ಬಾಗಿಲು. ಸೈಕಲ್ ಸ್ಟ್ಯಾಂಡು ಒದ್ದ ಸದ್ದು.

ನಿನ್ನೆ ಮಂಡಕ್ಕಿ ಭಟ್ಟಿಗೆ ಹೋಗಿದ್ದೆ.
ಹೊಗೆಯ ಆಚೆ ದಸ್ತಗೀರ್, ಹುಬ್ಬಿನ ಮೇಲೆ ಹೊಟ್ಟು.
"ಕರೆದಿದ್ರು. ಒಲ್ಲೆ ಅಂದೆ.
ಏಳಕ್ಕೆ ನಿಲ್ಲಬೇಕಲ್ಲ, ಕೈ ತಾನಾಗೇ ಎಂಟಕ್ಕೆ ಹೋಗ್ತೈತಿ.
ಎಂಟು ಎಲ್ಲಾರಿಗೂ ಬರ್ತೈತಿ."
ಪರ್ಸಿನಲ್ಲಿ ಎರಡು ಟಿಕೆಟ್ಟಿದ್ದವು. ತೆಗೆಯಲಿಲ್ಲ.
"ಎಷ್ಟು ಸೇರು?" ಅಂದ.
ಎಷ್ಟಾದರೂ ಹಾಕು, ಅಂದೆ.

ಚೀಲದ ಬಾಯಿ ನಾನು ಹಿಡಿದೆ, ಅವನು ಅಳೆದ,
ಪ್ರತಿ ಸಲವೂ ಸೇರಿನ ಅಂಚಿಗೆ ಬೆರಳಿನ ಒಂದು ಪೆಟ್ಟು:
ಲಾಭ, ಎರಡು, ಮೂರು,
ನಾಕು, ಐದು, ಆರು,
ಒಂದು ಗಳಿಗೆ ತಡೆದು,
ಮತ್ತೊಂದು.