ದಾರದ ತುದಿ

ಮೊದಲು ಗೊತ್ತಾದದ್ದು ಸೂಜಿಗೆ.
ತುಟಿಗಿಟ್ಟ ದಾರದ ತುದಿ
ಒಣಗಿಯೇ ಹೊರಬಂತು.

ಗುತ್ತಲು ರಸ್ತೆಯಲ್ಲಿ ಕಬ್ಬಿನ ಗಾಡಿ ಹಾದರೆ
ಹುಡುಗರ ಬಾಯಲ್ಲೆಲ್ಲ ನೀರು.
ನನಗೆ, ಅವ್ವ ಸತ್ತ ದಿನವೂ
ಕಣ್ಣಲ್ಲಿ ಬರೀ ಮರಳು.

ಒಂಬತ್ತು ವರ್ಷದ ಮೇಲೆ
ಕಿವಿಯ ಕೆಳಗೊಂದು ಗೋಲಿ. ನೋವಿಲ್ಲ.
ನೋವಿಲ್ಲ ಅಂದದ್ದಕ್ಕೇ ಡಾಕ್ಟರ ಮುಖ ಸಪ್ಪಗಾಯಿತು.

‘ಕಾಯೋ ಕಣಗಳು ನಿಮ್ಮನ್ನೇ ಹಗೆ ಅಂದ್ಕೊಂಡು
ಇಷ್ಟು ವರ್ಷ ನಿದ್ದೆಗೆಟ್ಟಿವೆ.
ದಂಡು ಬೆಳೀತಾ ಬೆಳೀತಾ
ಒಂದು ದಾರಿ ತಪ್ಪಿದೆ.’

ಬೇಲಿ ಎದ್ದು ಹೊಲ ಮೇಯ್ದಂಗಾ?
‘ಹಂಗೇ ಅನ್ನಿ.’
ಯಾಕೆ? ಆಲೆಮನೆ ಹೊಗೆಯಾ,
ಗದ್ದೆಗೆ ಹೊಡೆದ ಔಷಧಿಯಾ, ನುಂಗಿದ ಮಾತ್ರೆಯಾ?
‘ಇರಬಹುದು’ —
ಒಂದೊಂದು ಸಲಕ್ಕೂ ದನಿ ಸಣ್ಣಗೆ.

ಮನೆಗೆ ಬಂದೆ.
ಭಾಗ್ಯಲತಾಳ ರವಿಕೆಗೆ ಹುಕ್ಕು ಬಾಕಿ.
ಲೋಟದ ನೀರಿಗೆ ದಾರ ಅದ್ದಿದೆ.
ಮೂರನೇ ಸಲಕ್ಕೆ ಹೋಯಿತು.